ಅಕ್ಕನ ಮೊದಲನೇ ಗೆರೆ

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರಿಗೂ ಅವಳು ತಂತಿಯಮ್ಮ. ಹೊಸದಾಗಿ ಸೇರಿದವರು ಮೊದಮೊದಲು ಮರ್ಯಾದೆಗೆ ‘ಮೇಡಂ’ ಅನ್ನುವರು, ವಾರ ಕಳೆಯುವುದರೊಳಗೆ ಅವರ ಬಾಯಲ್ಲೂ ತಂತಿಯಮ್ಮನೇ. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಬೆಳಗಾದರೆ ಕಂಡವರ ಮೈಗೆ ತಂತಿ ಸಿಕ್ಕಿಸುವುದೇ ಕಸುಬಾದ ಮೇಲೆ ಜನ ಇನ್ನೇನು ಅಂತ ಕರೆದಾರು?

ಇಸಿಜಿ ಕೋಣೆ ಇದ್ದದ್ದು ಮೆಟ್ಟಿಲಿನ ಕೆಳಗೆ. ಹಿಂದೆ ಅದು ಹೊದಿಕೆ, ದಿಂಬು ತುಂಬಿಡುವ ಉಗ್ರಾಣವಾಗಿತ್ತಂತೆ. ಛಾವಣಿ ಒಂದು ಕಡೆ ಇಳಿಜಾರು. ಎತ್ತರದವರು ಎಂಥಾ ಗತ್ತಿನವರಾದರೂ ಅಲ್ಲಿಗೆ ತಲೆ ತಗ್ಗಿಸಿಯೇ ಬರಬೇಕು. ಒಂದು ಕಿರಿದಾದ ಮಂಚ, ಅದರ ರೆಕ್ಸಿನ್ನು ಮೂಲೆಯಲ್ಲಿ ಕಿತ್ತು ಒಳಗಿನ ಸ್ಪಂಜು ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಚಕ್ರದ ಮೇಜು, ಮೇಲೆ ಯಂತ್ರ. ಯಂತ್ರದಿಂದ ಹತ್ತು ತಂತಿ ಹೊರಟು ನಾಲ್ಕು ಕೈಕಾಲಿಗೂ ಆರು ಎದೆಗೂ ಹೋಗುತ್ತಿದ್ದವು. ಎದೆಗೆ ಅಂಟಿಸುವ ರಬ್ಬರಿನ ಬುಗ್ಗೆಗಳು ಮಂಜುಗಡ್ಡೆಯಷ್ಟು ತಣ್ಣಗಿರುತ್ತವೆ. ತಂತಿಯಮ್ಮ ಅವನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಇಡುವಳು. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಕರೆಂಟ್ ಹೊಡೆಯತ್ತೇನಮ್ಮಾ?” ಎಂದು ಕೇಳದೆ ಆ ಮಂಚದ ಮೇಲೆ ಮಲಗಿದವರು ಕಡಿಮೆ.

“ಕರೆಂಟ್ ಕೊಡೋದು ನಾವಲ್ಲ, ನೀವು. ನಾವು ಬರೀ ಮೀಟರ್ ಓದೋರು. ಸುಮ್ನೆ ಮಲಗಿ” ಎನ್ನುವಳು. ಹೆದರಿ ಸೆಟೆದುಕೊಂಡಿದ್ದವರೂ ನಕ್ಕು ಮೈ ಸಡಿಲ ಬಿಡುವರು. ಅವಳಿಗೆ ಬೇಕಾದದ್ದೂ ಅಷ್ಟೇ. ಮೈ ಬಿಗಿದರೆ ಗೆರೆ ನಡುಗುತ್ತದೆ.

ನರ್ಸಿಂಗ್ ಕಲಿಯುವ ಹುಡುಗಿಯರು ಬಂದಾಗ ಮಾತ್ರ ತಂತಿಯಮ್ಮನ ದರ್ಬಾರು ನೋಡಬೇಕು. ಪುಸ್ತಕದಲ್ಲಿ ವೃತ್ತ, ಕೋನ, ಬಾಣ ಎಲ್ಲ ನೋಡಿ ತಲೆ ಕೆಟ್ಟು ಕೂತ ಹುಡುಗಿಯರಿಗೆ ಅವಳದು ಒಂದೇ ಪಾಠ.

“ಒಂದು ಅಂಗಳ ಇದೆ ಅಂದ್ಕೊಳ್ಳಿ. ಸುತ್ತ ಮನೆ, ಮನೆಗೊಂದು ಕಿಟಕಿ, ಕಿಟಕಿಗೊಬ್ಬ ಚಾಡಿಕೋರ. ಅಂಗಳದಲ್ಲಿ ಒಬ್ಬ ನಡ್ಕೊಂಡು ಹೋಗ್ತಾನೆ. ಯಾರ ಕಿಟಕಿ ಕಡೆ ಬರ್ತಾನೋ ಆ ಚಾಡಿಕೋರ ‘ಬಂದ, ಬಂದ’ ಅಂತಾನೆ, ಅವನ ಗೆರೆ ಮೇಲಕ್ಕೇಳತ್ತೆ. ಯಾರಿಗೆ ಬೆನ್ನು ಹಾಕ್ತಾನೋ ಅವ್ನು ‘ಹೋದ’ ಅಂತಾನೆ, ಗೆರೆ ಕೆಳಕ್ಕಿಳಿಯತ್ತೆ. ಈ ಕಿಟಕಿಗಳೇ ಲೀಡು; ಹತ್ತು ತಂತಿ ಸೇರಿ ಹನ್ನೆರಡು ಕಿಟಕಿ, ಹನ್ನೆರಡು ಗೆರೆ. ಎಲ್ಲರ ಚಾಡಿನೂ ಕೂಡಿಸಿ ನೋಡಿದ್ರೆ ಆ ಮನುಷ್ಯ ಹೊರಟಿದ್ದು ಯಾವ ದಿಕ್ಕಿಗೆ ಅಂತ ಗೊತ್ತಾಗತ್ತಲ್ಲ, ಆ ದಿಕ್ಕೇ ಆಕ್ಸಿಸ್ಸು. ಹೃದಯದ ಕರೆಂಟು ಹೊರಟ ದಿಕ್ಕು. ಇಷ್ಟಕ್ಕೆ ನಿಮ್ಮ ಮೇಷ್ಟ್ರು ವಾರಗಟ್ಟಲೆ ಕೊರೀತಾರೆ.”

ಆಮೇಲೆ ಎರಡು ಕಿಟಕಿ ತೋರಿಸುವಳು. ಮೊದಲನೇ ಲೀಡಿನವನು ಎಡಗೈ ಕಡೆ ಕೂತಿದ್ದಾನೆ. ಎವಿಎಫ್ ಅನ್ನುವವನು ಕಾಲಿನ ಕಡೆ. ಆರೋಗ್ಯದ ಹೃದಯದಲ್ಲಿ ಕರೆಂಟು ಕೆಳಕ್ಕೂ ಎಡಕ್ಕೂ ಹೊರಡುವುದರಿಂದ ಇಬ್ಬರೂ ‘ಬಂದ’ ಅನ್ನುತ್ತಾರೆ. ಎರಡು ಗೆರೆಯೂ ಎದ್ದು ನಿಲ್ಲುತ್ತವೆ. ಕಾಲಿನ ಕಡೆಯವನು ‘ಬಂದ’ ಎಂದು, ಎಡಗಡೆಯವನು ‘ಹೋದ’ ಎಂದರೆ ಆಕ್ಸಿಸ್ಸು ಬಲಕ್ಕೆ ವಾಲಿದೆ ಅಂತ ಅರ್ಥ.

“ಆದ್ರೆ ಮೊದಲನೇ ಗೆರೆ ಬೋರಲು ಬಿತ್ತು ಅಂತ ರೋಗಿ ಮುಂದೆ ಬಾಯಿ ಬಾಯಿ ಬಡ್ಕೋಬೇಡಿ. ಮೊದ್ಲು ಕೈ ನೋಡಿ. ಕೆಂಪು ತಂತಿ ಬಲಗೈಗೆ, ಹಳದಿ ಎಡಗೈಗೆ. ಅದಲು ಬದಲಾದ್ರೆ ಚಾಡಿಕೋರರು ಮನೆ ಬದಲಾಯಿಸಿದ ಹಾಗೆ, ಬಂದವನನ್ನ ಹೋದ ಅಂತಾರೆ. ತಂತಿ ಹಾಕಿದವಳ ತಪ್ಪಿಗೆ ರೋಗಿಯ ಹೃದಯ ಕೆಡಬಾರದು.”

ಆ ಆಸ್ಪತ್ರೆಯ ಡಾಕ್ಟರುಗಳದೂ ಅದೇ ಪದ್ಧತಿ. ಮೊದಲನೇ ಗೆರೆ ತಲೆಕೆಳಗಾದ ಕಾಗದ ಕಂಡರೆ ಸಾಕು, ‘ತಂತಿ ನೋಡಿ, ಮತ್ತೆ ತೆಗೆಯಿರಿ’ ಎಂದು ವಾಪಸು ಕಳಿಸುವರು. ನೂರಕ್ಕೆ ತೊಂಬತ್ತು ಸಲ ತಂತಿಯದೇ ತಪ್ಪು. ತಂತಿಯಮ್ಮನ ಕಾಗದ ಮಾತ್ರ ಒಮ್ಮೆಯೂ ವಾಪಸು ಬಂದದ್ದಿಲ್ಲ. ಅದರ ಬಗ್ಗೆ ಅವಳಿಗೆ ಜಂಬವಿತ್ತು, ಇಲ್ಲ ಅನ್ನುವುದೇಕೆ? ಮನೆಗೆ ಬಂದು ಅಕ್ಕನ ಮುಂದೆ ಕೊಚ್ಚಿಕೊಳ್ಳುವಳು. ಅಕ್ಕ ತಂಗಿಗಿಂತ ಹೆಚ್ಚು ಬೀಗುವಳು, ಬೀದಿಯವರ ಕಿವಿಗೆಲ್ಲ ಹಾಕುವಳು.

ಆ ಅಕ್ಕನ ವಿಷಯ ಹೇಳದೆ ತಂಗಿಯ ವಿಷಯ ಹೇಳಿದರೆ ತಲೆ ಬಿಟ್ಟು ಬಾಲ ಹಿಡಿದಂತೆ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಅಕ್ಕ ಆಗಿನ್ನೂ ಎರಡು ಜಡೆ ಹಾಕಿಕೊಳ್ಳುವ ಹುಡುಗಿ; ತಂಗಿಯ ಕೈ ಹಿಡಿದು ಶಾಲೆಗೆ ಬಿಟ್ಟು, ತಾನು ಅಲ್ಲಿಂದ ನೇರವಾಗಿ ಹಾಸಿಗೆ ಮಾಡುವ ಕಾರ್ಖಾನೆಗೆ ಹೋದಳು. ಹತ್ತಿ ಹಿಂಜುವ ಯಂತ್ರಕ್ಕೆ ಹತ್ತಿ ಉಣಿಸುವ ಕೆಲಸ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಎದುರಿಗೆ ನಿಂತವರ ಮುಖ ಕಾಣದಷ್ಟು ಹತ್ತಿಯ ಧೂಳು. “ನಮ್ಮಲ್ಲಿ ಯಾರಿಗೂ ವಯಸ್ಸಾಗೋದೇ ಗೊತ್ತಾಗಲ್ಲ, ಸೇರಿದ ದಿನಾನೇ ತಲೆ ಬೆಳ್ಳಗಾಗತ್ತೆ” ಎಂದು ಅಕ್ಕ ನಗಾಡುವಳು. ನಕ್ಕು ನಕ್ಕು ಕೆಮ್ಮುವಳು. ಆ ಕೆಮ್ಮು ನಗುವಿನದೇ ಎಂದು ಇಬ್ಬರೂ ಬಹಳ ಕಾಲ ನಂಬಿದ್ದರು.

ಅಕ್ಕನಿಗೆ ಮದುವೆ ಮಾಡುವವರು ಇರಲಿಲ್ಲ, ತಂಗಿಗೆ ಅಕ್ಕನನ್ನು ಬಿಟ್ಟು ಹೋಗುವ ಮನಸ್ಸಿರಲಿಲ್ಲ. ತಂಗಿ ಇಸಿಜಿ ಕಲಿಯುವಾಗ ಪ್ರಯೋಗಕ್ಕೆ ಸಿಕ್ಕ ದೇಹ ಅಕ್ಕನದೇ. ಕೆಲಸದಿಂದ ಬಂದು ಸುಸ್ತಾಗಿ ಚಾಪೆಯ ಮೇಲೆ ಬಿದ್ದುಕೊಂಡವಳ ಪಕ್ಕೆಲುಬು ಎಣಿಸಿ, ಶಾಯಿಯಲ್ಲಿ ಚುಕ್ಕೆ ಇಟ್ಟು, ಎಲ್ಲೆಲ್ಲಿ ಯಾವ ತಂತಿ ಎಂದು ತಂಗಿ ಬಾಯಿಪಾಠ ಮಾಡುವಳು. “ಕಚಗುಳಿ ಆಗತ್ತೆ ಕಣೇ, ಮುಂಡೇದೇ, ಬೇಗ ಮುಗ್ಸು” ಎಂದು ಅಕ್ಕ ಹೊರಳಾಡುವಳು. ಕೆಲಸ ಸಿಕ್ಕಿದ ಮೊದಲ ದಿನ ತಂಗಿ ಮೊದಲು ತೆಗೆದದ್ದು ಅಕ್ಕನ ಇಸಿಜಿ. ಮೊದಲನೇ ಗೆರೆ ಎಷ್ಟು ಎತ್ತರ, ಎಷ್ಟು ನೆಟ್ಟಗೆ! ತಂಗಿ ಅದನ್ನು ತೋರಿಸಿ, ನೋಡು, ಇದು ಎದ್ದು ನಿಂತಿದ್ದರೆ ಹೃದಯ ಸರಿಯಾದ ದಿಕ್ಕಿಗೆ ಹೊರಟಿದೆ ಅಂತ, ಎಂದು ಹೇಳಿಕೊಟ್ಟಳು. ಅಂದಿನಿಂದ ಅಕ್ಕ ಆ ಮಂಚದ ಮೇಲೆ ಮಲಗಿದಾಗೆಲ್ಲ ಅದೊಂದನ್ನೇ ಕೇಳುವಳು. ಬೇರೆ ಹನ್ನೊಂದು ಗೆರೆ ಏನಾದರೆ ಅವಳಿಗೇನು?

ವರ್ಷಗಳು ಕಳೆದಂತೆ ಗೆರೆ ಗಿಡ್ಡವಾಯಿತು. ಮೊದಲು ಸ್ವಲ್ಪ, ಗಮನಕ್ಕೆ ಬಾರದಷ್ಟು. ಆಮೇಲೆ ಅರ್ಧಕ್ಕರ್ಧ. ಕಳೆದ ಸಲ ಮೇಲಕ್ಕೆ ಎಷ್ಟು ಎದ್ದಿತ್ತೋ ಕೆಳಕ್ಕೂ ಅಷ್ಟೇ ಇಳಿದು, ಬರಲೋ ಹೋಗಲೋ ಎಂದು ಹೊಸಿಲ ಮೇಲೆ ನಿಂತವನ ಹಾಗಿತ್ತು. ಅಕ್ಕನ ಕೆಮ್ಮು ಅಷ್ಟರಲ್ಲಿ ಏದುಸಿರಾಗಿತ್ತು, ಸಂಜೆಯಾದರೆ ಪಾದ ಬಾತುಕೊಳ್ಳುತ್ತಿತ್ತು. ಕೆಲಸಕ್ಕೆ ಹೋಗುವುದು ನಿಂತು ಕೆಲವು ತಿಂಗಳಾಗಿತ್ತು. ಆದರೆ ಕಾರ್ಖಾನೆಯ ಮೇಸ್ತ್ರಿ ಅವಳ ಜಾಗಕ್ಕೆ ಬೇರೆಯವರನ್ನು ಹಾಕಿರಲಿಲ್ಲ. “ಯಾವಾಗ ಬಂದ್ರೂ ನಿಮ್ಮ ಜಾಗ ನಿಮ್ಮದೇ ಅಕ್ಕಾ” ಅಂದಿದ್ದನಂತೆ. ಅಕ್ಕನಿಗೆ ಆ ಮಾತೇ ಔಷಧಿ. ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದು ಅವಳಿಂದ ಆಗದ ಕೆಲಸ. ತಂತಿಯಮ್ಮ ಮಾತ್ರ ಒಳಗೊಳಗೇ ನಡುಗುತ್ತಿದ್ದಳು. ಈ ರೋಗ ತನ್ನ ಮೈಗೇ ಬಂದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕನ ಮೈಯಲ್ಲಿ ಅದು ಬೆಳೆಯುವುದನ್ನು ಇಷ್ಟು ಸ್ಪಷ್ಟವಾಗಿ ನೋಡುತ್ತಾ, ಕೈ ಕಟ್ಟಿ ಕೂರುವುದು ಯಾವ ಜನ್ಮದ ಕರ್ಮವೋ!

ಆ ದಿನ ಬೆಳಿಗ್ಗೆ ಹೃದಯದ ಡಾಕ್ಟರಿಗೆ ತೋರಿಸಲೆಂದು ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದಳು. ಡಾಕ್ಟರು ನೋಡುವ ಮೊದಲು ಇಸಿಜಿ ಆಗಬೇಕು. ಅಕ್ಕ ಗೇಟಿನಿಂದ ಮೆಟ್ಟಿಲಿನ ಕೆಳಗಿನ ಕೋಣೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು, ಗೋಡೆಯ ಮೇಲಿನ ಚಿತ್ರ ನೋಡುವ ನೆಪದಲ್ಲಿ ಉಸಿರು ತೆಗೆದುಕೊಂಡಳು. ಮಂಚದ ಮೇಲೆ ಮಲಗಿಸಿ, ಬುಗ್ಗೆಗಳನ್ನು ಉಜ್ಜಿ ಬೆಚ್ಚಗೆ ಮಾಡಿ, ತಂತಿ ಹಾಕಿ ತಂತಿಯಮ್ಮ ಗುಂಡಿ ಒತ್ತಿದಳು. ಕಾಗದ ಹೊರಗೆ ಬಂತು.

ಮೊದಲನೇ ಗೆರೆ ಪೂರ್ತಿ ಬೋರಲು ಬಿದ್ದಿತ್ತು.

ತಂತಿಯಮ್ಮನಿಗೆ ಮೊದಲು ಆದದ್ದು ಗಾಬರಿಯಲ್ಲ, ಸಂತೋಷ! ಹೌದು, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಯ್ಯೋ ನನ್ನ ಬುದ್ಧಿಗಿಷ್ಟು, ಕೊನೆಗೂ ತಂತಿ ತಪ್ಪಿಸಿದೆನಲ್ಲ ಎಂದು ಅವಳ ಜೀವ ಹಗುರವಾಯಿತು. ಆ ತಪ್ಪಿಗೆ ಅವಳು ಯಾವ ದೇವರಿಗೆ ಬೇಕಾದರೂ ಕೈ ಮುಗಿಯುತ್ತಿದ್ದಳು. ಬಗ್ಗಿ ನೋಡಿದಳು. ಕೆಂಪು ಬಲಗೈಯಲ್ಲಿ. ಹಳದಿ ಎಡಗೈಯಲ್ಲಿ. ಎಲ್ಲ ಇರಬೇಕಾದಲ್ಲೇ ಇತ್ತು.

“ಏನಾಯ್ತೇ?” ಅಕ್ಕ ಕೇಳಿದಳು.

“ಏನಿಲ್ಲ, ಯಂತ್ರ ಸ್ವಲ್ಪ ತಕರಾರು ಮಾಡ್ತಿದೆ. ಹೊರಗೆ ಒಂಚೂರು ಕೂತಿರು.”

ಅಕ್ಕನನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿ, ಯಂತ್ರ ಪರೀಕ್ಷಿಸಲು ಆ ಕಡೆ ಹೋಗುತ್ತಿದ್ದ ಸ್ಟ್ರೆಚರ್ ದೂಡುವವನನ್ನು ಎಳೆದುಕೊಂಡು ಬಂದು ಮಲಗಿಸಿದಳು. ದಢೂತಿ ಆಳು, ಮಂಚ ಕಿರ್ರೆಂದಿತು. “ಹೃದಯ ಇದೆಯಾ ಅಂತ ನೋಡಿ ಬರ್ಕೊಡಿ ತಂತಿಯಮ್ಮಾ, ನಮ್ಮನೆಯವಳು ಇಲ್ಲ ಅಂತಾಳೆ” ಎಂದು ಅವನು ಹಲ್ಲು ಕಿರಿದ. ಬೇರೆ ದಿನವಾಗಿದ್ದರೆ ತಂತಿಯಮ್ಮ ಅವನಿಗೆ ಸರಿಯಾಗಿ ತಿರುಗೇಟು ಕೊಡುತ್ತಿದ್ದಳು. ಅವನ ಮೊದಲನೇ ಗೆರೆ ಕಂಬದ ಹಾಗೆ ನಿಂತಿತ್ತು. ಅವನನ್ನು ಕಳಿಸಿ, ಬೇರೆ ವಾರ್ಡಿನಿಂದ ಇನ್ನೊಂದು ಯಂತ್ರ ತರಿಸಿ, ಅಕ್ಕನನ್ನು ಮತ್ತೆ ಮಲಗಿಸಿದಳು. ಮತ್ತೆ ಬೋರಲು. ಹೊಸ ಕ್ಲಿಪ್ಪು ಹಾಕಿದಳು. ಬೋರಲು. ಯಂತ್ರಕ್ಕೆ ಪಕ್ಷಪಾತವಿಲ್ಲ, ತೆಗೆಯುತ್ತಿರುವವಳು ತಂಗಿ ಎಂದು ಅದಕ್ಕೇನು ಗೊತ್ತು?

“ಇವತ್ತೇನೇ, ನನ್ನ ಪೂರ್ತಿ ಫಿಲಂ ತೆಗೀತಿದೀಯಾ?” ಎಂದು ಅಕ್ಕ ನಕ್ಕಳು. ಆಮೇಲೆ ಮೆಲ್ಲಗೆ, “ಎದ್ದು ನಿಂತಿದೆ ತಾನೇ?” ಎಂದು ಕೇಳಿದಳು.

ತಂತಿಯಮ್ಮ ಕಣ್ಣು ಒರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದಳು. ತಿರುಗಿ ಬಂದವಳು ಏನು ಮಾಡುತ್ತಿದ್ದೇನೆ ಎಂದು ತಾನೇ ಸರಿಯಾಗಿ ತಿಳಿಯುವ ಮೊದಲು ಕೆಂಪು ಕ್ಲಿಪ್ಪನ್ನು ಬಿಚ್ಚಿ ಎಡಗೈಗೂ, ಹಳದಿಯನ್ನು ಬಲಗೈಗೂ ಹಾಕಿ ಗುಂಡಿ ಒತ್ತಿಬಿಟ್ಟಳು. ಇಷ್ಟು ವರ್ಷ ಯಾವ ತಪ್ಪಿಗೆ ಹುಡುಗಿಯರ ಕಿವಿ ಹಿಂಡಿದ್ದಳೋ ಅದೇ ತಪ್ಪು, ಬೇಕೆಂದೇ.

ಗೆರೆ ಎದ್ದು ನಿಂತಿತು. ತಿಳಿದವರು ನೋಡಿದರೆ ಕ್ಷಣದಲ್ಲಿ ಕಳ್ಳತನ ಹಿಡಿಯುತ್ತಿದ್ದರು: ದೊಡ್ಡ ಗೆರೆಯ ಮುಂದೆ ಪುಟ್ಟ ಗುಡ್ಡದ ಹಾಗೆ ಏಳಬೇಕಾದ ಅಲೆ ಹಳ್ಳವಾಗಿತ್ತು. ಅಕ್ಕ ಅಷ್ಟೆಲ್ಲ ತಿಳಿದವಳಲ್ಲ.

“ನೋಡು” ಎಂದು ತಂತಿಯಮ್ಮ ಕಾಗದ ಹಿಡಿದಳು. “ನಿಂತಿದೆ.”

ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಂಗಿಯ ಮುಖ ನೋಡಿದಳು. “ನಿಂತಿದೆ ಕಣೇ! ಇದನ್ನ ನಾನೇ ಇಟ್ಕೋತೀನಿ” ಎಂದು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮೊದಲು ತಾನು ಮಾತಾಡಿ ಬರುತ್ತೇನೆಂದು ಅಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ನಿಜವಾದ ಕಾಗದ ಹಿಡಿದು ತಂತಿಯಮ್ಮ ಒಬ್ಬಳೇ ಡಾಕ್ಟರ ಕೋಣೆಗೆ ಹೋದಳು.

ಹೃದಯದ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವವರ ಪೈಕಿಯಲ್ಲ. ಕಾಗದ ನೋಡಿದರು, ಎದೆಯ ಹಳೆಯ ಎಕ್ಸ್‌ರೇ ನೋಡಿದರು, ಮತ್ತೆ ಕಾಗದ ನೋಡಿದರು.

“ನಿಮ್ಮಕ್ಕಂದಾ? ಬೇರೆ ಯಾರಾದ್ರೂ ತೆಗೆದಿದ್ರೆ ತಂತಿ ನೋಡಿ, ಮತ್ತೆ ತೆಗೀರಿ ಅಂತಿದ್ದೆ.”

“ಅನ್ನಿ ಸಾರ್” ಎಂದಳು ತಂತಿಯಮ್ಮ. “ಒಂದ್ಸಲ ಅನ್ನಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎದೆಯ ಗೆರೆಗಳೂ ಅದನ್ನೇ ಹೇಳ್ತಿವೆಯಲ್ಲಮ್ಮಾ. ಅಲ್ಲೇನು ಕೈ ತಂತಿ ಇಲ್ವಲ್ಲ. ಶ್ವಾಸಕೋಶ ಧೂಳು ತಿಂದು ತಿಂದು ಗಟ್ಟಿಯಾಗಿದೆ. ಅದರೊಳಕ್ಕೆ ರಕ್ತ ನೂಕಿ ನೂಕಿ ಹೃದಯದ ಬಲಭಾಗ ದಪ್ಪ ಆಗಿದೆ, ಕರೆಂಟನ್ನೆಲ್ಲ ಆ ಕಡೆಗೇ ಎಳ್ಕೋತಿದೆ. ಕಾಲಿನ ನೀರು ಇಳಿಯೋಕೆ ಮಾತ್ರೆ ಕೊಡ್ತೀನಿ. ಮನೇಲಿ ಆಕ್ಸಿಜನ್ ಇಟ್ಕೊಳ್ಳಿ, ಹೃದಯಕ್ಕೆ ಸ್ವಲ್ಪ ಹಗುರ ಆಗತ್ತೆ. ಇನ್ನು ಆ ಹತ್ತಿ ಕಾರ್ಖಾನೆ ಕಡೆ ತಲೆ ಹಾಕೂಡದು. ಒಂದು ದಿನಕ್ಕೂ ಬೇಡ. ಈ ಹೃದಯ ಇನ್ನೊಂದು ಏಟು ತಡ್ಕೊಳ್ಳಲ್ಲ.”

“ಮತ್ತೆ ಎಡಕ್ಕೆ ಬರತ್ತಾ ಸಾರ್?”

“ನನಗಿಂತ ಹೆಚ್ಚು ಕಾಗದ ನೀವು ನೋಡಿದೀರಿ ತಂತಿಯಮ್ಮ. ಬಂದಿದ್ದು ಕಂಡಿದ್ದೀರಾ?”

ಅವಳು ಕಂಡಿರಲಿಲ್ಲ. ಅವರು ಬೇಕೆಂದು ನೋಯಿಸಿದವರೂ ಅಲ್ಲ.

ಹೊರಗಿನ ಬೆಂಚಿನಲ್ಲಿ ಅಕ್ಕನ ಸಭೆ ನಡೆದಿತ್ತು. ಕಾಗದ ಬಿಚ್ಚಿ ಪಕ್ಕದ ಮುದುಕಿಗೆ ತೋರಿಸುತ್ತಿದ್ದಳು. “ಇದು ನೋಡಿ, ಇದು ನೆಟ್ಟಗಿದ್ರೆ ಆಯ್ತು. ನನ್ನ ತಂಗಿನೇ ತೆಗೆದಿದ್ದು. ಅವಳ ಕೈಯಲ್ಲಿ ತಪ್ಪೇ ಬರಲ್ಲ. ಇನ್ನೇನು, ನಾನು ಕೆಲಸಕ್ಕೆ ಹೋಗೋಳೇ” ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗ ತಂತಿಯಮ್ಮನಿಗೆ ಎದೆಯೊಳಗೆ ಕೊಳ್ಳಿ ಇಟ್ಟಂತಾಯಿತು. ಅಕ್ಕನ ಮನಸ್ಸಿಗೆ ನೆಮ್ಮದಿಯಾಗಲಿ ಎಂದು ಕೊಟ್ಟ ಕಾಗದ! ಅದನ್ನೇ ಹಿಡಿದುಕೊಂಡು ಅವಳು ಧೂಳಿಗೆ ವಾಪಸು ಹೊರಟಿದ್ದಾಳೆ.

ದಾರಿಯಲ್ಲಿ ಹೇಳಲು ಆಗಲಿಲ್ಲ. ಸಂಜೆ ಆಕ್ಸಿಜನ್ನಿನ ಮಾತು ತೆಗೆದಳು. ಅಕ್ಕ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು.

“ಮೂಗಿಗೆ ಕೊಳವೆ ಸಿಕ್ಕಿಸ್ಕೊಂಡು ಮೂಲೇಲಿ ಕೂರಬೇಕಾ? ಗೆರೆ ಎದ್ದು ನಿಂತಿರೋವಾಗ ಯಾಕೆ?”

“ಅಕ್ಕಾ, ಗೆರೆ ನಿಂತಿಲ್ಲ. ನಾನು ತಂತಿ ಅದಲು ಬದಲು ಮಾಡ್ದೆ. ಆ ಕಾಗದ ಸುಳ್ಳು.”

ಅಕ್ಕ ನಗತೊಡಗಿದಳು. “ನೀನು? ತಂತಿ ತಪ್ಪಿಸಿದ್ದು? ಹೋಗೇ, ಯಾರಿಗೆ ಹೇಳ್ತೀಯಾ! ನನ್ನನ್ನ ಮನೇಲಿ ಕೂರಿಸೋಕೆ ಆ ಡಾಕ್ಟರೂ ನೀನೂ ಸೇರಿ ಕಟ್ಟಿದ ಕತೆ ಇದು.”

“ನಿನ್ನಾಣೆ ಅಕ್ಕಾ!”

“ಆಣೆಗೀಣೆ ಬೇಡ. ಉಣ್ಣು.”

ಸುಳ್ಳುಗಾರನ ನಿಜವನ್ನು ಯಾರೂ ನಂಬುವುದಿಲ್ಲ ಅನ್ನುತ್ತಾರೆ. ಸುಳ್ಳೇ ಹೇಳದವಳ ಪಾಡು ಅದಕ್ಕಿಂತ ಕಡೆ; ಅವಳ ಒಂದು ಸುಳ್ಳು ಸತ್ಯದ ಬೆಲೆಗೆ ಮಾರಾಟವಾಗಿಬಿಡುತ್ತದೆ. ತಂತಿಯಮ್ಮ ಬೇಡಿಕೊಂಡಳು, ರೇಗಿದಳು, ಚೀಲದಿಂದ ಕಾಗದ ತೆಗೆದು, ಈ ಅಲೆ ನೋಡು, ಇದು ಹಳ್ಳ ಆಗಿದೆ ನೋಡು ಎಂದು ಬೆರಳಿಟ್ಟು ತೋರಿಸಿದಳು. ಅಕ್ಕ ಅದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ಕೊನೆಗೆ, “ನಾಳೆ ಮಾತಾಡೋಣ, ಮಲಗು” ಎಂದು ಕಣ್ಣು ಮುಚ್ಚಿಕೊಂಡಳು. ನಾಳೆ ಅವಳ ಕೈ ಹಿಡಿದುಕೊಂಡು ಹೋಗಿ ಡಾಕ್ಟರ ಎದುರಿಗೇ ಕೂರಿಸುತ್ತೇನೆ ಎಂದು ತೀರ್ಮಾನ ಮಾಡಿಕೊಂಡ ಮೇಲಷ್ಟೇ ತಂತಿಯಮ್ಮನಿಗೆ ನಿದ್ದೆ ಹತ್ತಿತು.

ಬೆಳಿಗ್ಗೆ ಎದ್ದಾಗ ಅಕ್ಕನ ಹಾಸಿಗೆ ಮಡಿಸಿತ್ತು. ಬಾಗಿಲ ಬಳಿ ಚಪ್ಪಲಿ ಇರಲಿಲ್ಲ. ಕೆಲಸಕ್ಕೆ ಒಯ್ಯುವ ಊಟದ ಡಬ್ಬಿಯೂ ಇರಲಿಲ್ಲ.

ತಂತಿಯಮ್ಮ ತಲೆಯನ್ನೂ ಬಾಚದೆ ಓಡಿದಳು. ಕಾರ್ಖಾನೆ ಅಷ್ಟೇನೂ ದೂರವಿಲ್ಲ. ದೊಡ್ಡ ರಸ್ತೆ ದಾಟಿ, ಸೈಕಲ್ ರಿಪೇರಿಯವರ ಸಾಲು ಕಳೆದರೆ ಬಂತು. ಓಡುತ್ತಾ ಮನಸ್ಸಿನಲ್ಲಿ ಅಕ್ಕನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಹಟಮಾರಿ! ಹೇಳಿದ್ದು ಕೇಳುವವಳಲ್ಲ. ಸಾಯಲಿ. ಅಯ್ಯಯ್ಯೋ, ಬೇಡ, ಬಾಯಿ ಸುಡಲಿ, ಸಾಯುವುದು ಬೇಡ. ಯಂತ್ರದ ಸದ್ದು ಬೀದಿಯ ತುದಿಗೇ ಕೇಳಿಸುತ್ತಿತ್ತು. ಒಳಗೆ ಹತ್ತಿ ಹಾರುತ್ತಿರುತ್ತದೆ, ಅಕ್ಕ ಅದರ ಮಧ್ಯೆ ನಿಂತಿರುತ್ತಾಳೆ, ಹೃದಯದ ಬಲಭಾಗ ರಕ್ತ ನೂಕುತ್ತಿರುತ್ತದೆ, ಇನ್ನೂ ನೂಕುತ್ತಿರುತ್ತದೆ. ಅವಳ ಕಣ್ಣಿಗೆ ಕಾಗದದ ಗೆರೆಯೇ ಕಟ್ಟಿತ್ತು.

ಅಕ್ಕ ಒಳಗಿರಲಿಲ್ಲ. ಗೇಟಿನ ಹೊರಗೆ, ಗೋಡೆಗೆ ಒಟ್ಟಿದ್ದ ಹತ್ತಿ ಮೂಟೆಯೊಂದರ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಮಂಡಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವವರ ಹಾಗೆ ಎಳೆಯುತ್ತಿದ್ದಳು. ಮೇಸ್ತ್ರಿ ಪಕ್ಕದಲ್ಲಿ ನೀರಿನ ಲೋಟ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ತಂತಿಯಮ್ಮನನ್ನು ಕಂಡು, “ಒಳಗೆ ಬರ್ಲೇ ಇಲ್ಲಮ್ಮಾ, ಇಲ್ಲೇ ಕೂತ್ಬಿಟ್ರು. ಗಾಡಿ ಕರೀತೀನಿ” ಎಂದು ರಸ್ತೆಯ ಕಡೆ ಓಡಿದ.

“ಯಾಕಕ್ಕಾ ಬಂದೆ?” ತಂತಿಯಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅಳುತ್ತಾ ಕೇಳಿದಳು. “ಹೇಳಿದ್ನಲ್ಲ, ಕಾಗದ ಸುಳ್ಳು ಅಂತ. ತಂತಿ ಬದಲಾಯಿಸ್ದೆ ಅಂತ ಆಣೆ ಇಟ್ಟು ಹೇಳಿದ್ನಲ್ಲ! ಒಂದ್ಸಲ ನನ್ನ ಮಾತು ನಂಬಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನಂಬ್ದೇ ಏನು?” ಅಕ್ಕ ಉಸಿರು ಎಳೆದುಕೊಂಡಳು. “ನೀನು ಹೇಳೋಕೆ ಮುಂಚೆನೇ ಗೊತ್ತಿತ್ತು. ಎಷ್ಟು ವರ್ಷ ಮಲಗಿದೀನೇ ಆ ಮಂಚದ ಮೇಲೆ? ಗೋಡೆ ಕಡೆ ತಿರುಗಿ ಕಣ್ಣು ಒರೆಸ್ಕೊಂಡೆ. ತಿರುಗಿ ಬಂದು ಕೆಂಪು ತಂತಿ ತಂದು ಈ ಕೈಗೆ ಹಾಕ್ದೆ.” ಎಡಗೈಯನ್ನು ಸ್ವಲ್ಪ ಎತ್ತಿ ತೋರಿಸಿದಳು. “ನಾನೇನು ಕುರುಡಿಯಾ?”

ಹಾಗಾದರೆ ಬೆಂಚಿನ ಮೇಲಿನ ಆ ಬಡಾಯಿ, ಊಟದ ಹೊತ್ತಿನ ಆ ನಗು?

“ಗೊತ್ತಿದ್ದೂ ಯಾಕೆ ಬಂದೆ ಮತ್ತೆ?”

ಅಕ್ಕ ಹೇಳುವಷ್ಟು ಉಸಿರು ಕೂಡಿಕೊಳ್ಳುವ ತನಕ ಕಾಯಬೇಕಾಯಿತು.

“ನೀನು ನನಗೆ ಹೇಳಿದ್ದು ಅದೊಂದೇ ಸುಳ್ಳು ಕಣೇ. ಇಷ್ಟು ವರ್ಷದಲ್ಲಿ ಅದೊಂದೇ. ಹೇಳೋವಾಗ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ. ಅದನ್ನ ನಿಜ ಮಾಡಿ ತೋರಿಸೋಣ ಅನ್ಸ್ತು. ಸಂಜೆ ತನಕ ಕೆಲಸ ಮಾಡಿ, ಡಬ್ಬಿ ಆಡಿಸ್ಕೊಂಡು ಮನೆಗೆ ನಡ್ಕೊಂಡು ಬಂದ್ಬಿಟ್ರೆ, ಡಾಕ್ಟರದ್ದೇ ತಪ್ಪು, ನಿನ್ನ ಕಾಗದಾನೇ ಸರಿ ಅಂತ ಆಗ್ತಿತ್ತಲ್ಲ. ನೀನೂ ಅಳೋದು ನಿಲ್ಲಿಸ್ತಿದ್ದೆ.”

ಅವಳು ಕಾರ್ಖಾನೆಯ ಬಾಗಿಲ ಕಡೆ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

“ಅಲ್ಲಿ ತನಕವೂ ಹೋಗೋಕಾಗ್ಲಿಲ್ಲ” ಎಂದಳು. “ಬೈಬೇಡ ಕಣೇ.”

ತಂತಿಯಮ್ಮ ಬೈಯಲಿಲ್ಲ. ಏಳು ಎಂದೂ ಅನ್ನಲಿಲ್ಲ. ಅಕ್ಕನಿಂದ ಏಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂಟೆಯ ಮೇಲೆ ಅಕ್ಕನ ಪಕ್ಕದಲ್ಲೇ ಕೂತು ಬೆನ್ನಿಗೆ ಕೈ ಆನಿಸಿದಳು. ಮೇಸ್ತ್ರಿ ಕರೆಯಲು ಹೋದ ಗಾಡಿ ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು.